ನಡುವಿನ ಸೀಟು

ಪರಮೇಶಪ್ಪನವರು ಬಸ್ಸು ಹತ್ತುವ ಮೊದಲೇ ಅವರ ಟವೆಲು ಹತ್ತಿರುತ್ತಿತ್ತು. ಸೋಮವಾರಪೇಟೆ ಬಸ್‌ಸ್ಟ್ಯಾಂಡಿಗೆ ಮೈಸೂರಿನ ಬಸ್ಸು ಬಂದು ತಿರುಗುವಷ್ಟರಲ್ಲಿ ಹೆಗಲ ಮೇಲಿನ ಟವೆಲನ್ನು ಕಿಟಕಿಯಿಂದ ಒಳಗೆಸೆದು, ಡ್ರೈವರ್ ಹಿಂದಿನ ಸೀಟು ಹಿಡಿದು, ಆಮೇಲೆ ನಿಧಾನವಾಗಿ ಹೆಂಡತಿ ಮಕ್ಕಳನ್ನು ಹತ್ತಿಸುತ್ತಿದ್ದರು. ಕಿಟಕಿ ಪಕ್ಕ ಅವರು, ಅವರ ಪಕ್ಕ ವಿಶಾಲಾಕ್ಷಮ್ಮ, ಆಕೆಯ ತೊಡೆಯ ಮೇಲೊಂದು ಮಗು, ಕಾಲಡಿ ಒಂದು ಚೀಲ. ಮದುವೆಯಾದ ವರ್ಷದಿಂದ ನಡೆದುಬಂದ ಪದ್ಧತಿ ಅದು. ಮಗ ಕಾರು ಕೊಂಡ ಮೇಲೂ ಮುಂದಿನ ಸೀಟು ಅವರದೇ. "ಸೀಟು ಹಿಡಿಯೋದ್ರಲ್ಲಿ ನಮ್ಮ ಪರಮೇಶಣ್ಣನ್ನ ಮೀರ್ಸೋರಿಲ್ಲ" ಎಂದು ಊರಿನವರು ಆಡಿಕೊಳ್ಳುತ್ತಿದ್ದರು. ಅವರು ಅದನ್ನು ಹೊಗಳಿಕೆ ಎಂದೇ ತಿಳಿದಿದ್ದರು.

ಮಗಳು ಶರ್ಮಿಳಾ ಸಿಡ್ನಿಯಲ್ಲಿದ್ದಳು. ಅಲ್ಲಿ ಮುದುಕರನ್ನು ನೋಡಿಕೊಳ್ಳುವ ಒಂದು ಮನೆಯಲ್ಲಿ ನರ್ಸು. ಗಂಡ ಅನಿಲ್‌ಕುಮಾರ್ ದೊಡ್ಡ ಲಾರಿಗಳ ಎಂಜಿನ್ ರಿಪೇರಿ ಮಾಡುವವನು. ಮದುವೆಯಾಗಿ ಬಹಳ ವರ್ಷ ಮಕ್ಕಳಿರಲಿಲ್ಲ. ಕೊನೆಗೆ ಬಸುರಾದಾಗ ಐದು ತಿಂಗಳು ತುಂಬುವವರೆಗೂ ಬಾಯಿ ಬಿಡದೆ, ಕಾಫಿ ಕೊಯ್ಲಿನ ಗಡಿಬಿಡಿಯ ನಡುವೆ ಒಂದು ದಿನ ಫೋನು ಮಾಡಿ ಅತ್ತಳು. "ಬಾಣಂತನಕ್ಕೆ ಅಮ್ಮ ಬರ್ಲೇಬೇಕು. ಇಲ್ಲಿ ಬೇರೆಯೋರ ಅಮ್ಮಂದಿರನ್ನ ನೋಡ್ಕೊಂಡು ನಂಗೆ ನಮ್ಮಮ್ಮನ ಮುಖ ಮರ್ತೋಗಿದೆ."

ವಿಶಾಲಾಕ್ಷಮ್ಮ ಅವತ್ತೇ ಸಂಜೆ ಅಟ್ಟದ ಮೇಲಿನ ತಾಮ್ರದ ಹಂಡೆ ಇಳಿಸಿ ಹುಣಸೆಹಣ್ಣು ಹಚ್ಚಿ ಉಜ್ಜಿದರು. ಹಂಡೆಯನ್ನು ವಿಮಾನದಲ್ಲಿ ಒಯ್ಯಲಾಗುವುದಿಲ್ಲ ಎಂದು ಸೊಸೆ ವಿನುತಾ ಹೇಳಿದ ಮೇಲೂ ಉಜ್ಜುವುದನ್ನು ನಿಲ್ಲಿಸಲಿಲ್ಲ.

"ಇವಳೊಬ್ಳೇ ಹೆಂಗೆ ಹೋಗ್ತಾಳೆ? ಕುಶಾಲನಗರಕ್ಕೂ ಒಬ್ಳೇ ಹೋದೋಳಲ್ಲ" ಎಂದು ಪರಮೇಶಪ್ಪನವರು ತಾವೂ ಹೊರಟರು. ಕಾಫಿ ಗಿಡ ಹೂ ಬಿಡಿಸುವ ಹೂಮಳೆ ಹದವಾಗಿ ಬಿದ್ದಿತ್ತು, ಅದರ ಬೆನ್ನಿಗೆ ಬರಬೇಕಾದ ಮಳೆಯೂ ತಪ್ಪಿರಲಿಲ್ಲ. ತೋಟವನ್ನು ಮಗ ನಿರಂಜನ್ ಮೂರು ತಿಂಗಳು ನೋಡಿಕೊಂಡಾನು. ಅವನದು ಪೇಟೆಯಲ್ಲಿ ಪಂಪ್‌ಸೆಟ್ಟು, ಸ್ಪ್ರಿಂಕ್ಲರ್ ಪೈಪಿನ ಅಂಗಡಿ. ಅಂಗಡಿಯ ಕಂಪ್ಯೂಟರ್ ಕೆಲಸವೆಲ್ಲ ವಿನುತಾಳದು. ಮಗಳು ಟಿಕೆಟು ಕಳಿಸಿದಾಗ ಸೀಟು ಆರಿಸುವ ಕೆಲಸ ಅವಳ ಪಾಲಿಗೆ ಬಂತು.

ಪರಮೇಶಪ್ಪನವರು ಸುಮ್ಮನೆ ಕೂರುವವರಲ್ಲ. ಬಸ್‌ಸ್ಟ್ಯಾಂಡಿನ ಎದುರಿನ ಹೋಟೆಲಿನಲ್ಲಿ ಗೆಳೆಯ ರೇವಣ್ಣನನ್ನು ಹಿಡಿದು ಕೂರಿಸಿದರು. ಮೆಣಸಿನ ವ್ಯಾಪಾರಿ ರೇವಣ್ಣ ಒಮ್ಮೆ ಸಿಂಗಾಪುರಕ್ಕೆ ಹೋಗಿ ಬಂದವನು. ಆ ಒಂದು ಪ್ರಯಾಣದ ಬಲದ ಮೇಲೆ ವಿಮಾನದ ವಿಷಯದಲ್ಲಿ ಊರಿಗೇ ಅವನ ಮಾತು ಕೊನೆ.

"ರೆಕ್ಕೆ ಮೇಲೆ ಕೂರ್ಬೇಡ ಮಾರಾಯ, ಕಿಟಕಿ ತೆಗ್ದ್ರೆ ಬರೀ ತಗಡು ಕಾಣ್ತದೆ. ಹಿಂದ್ಗಡೆ ಹೋದ್ರೆ ಅಲುಗಾಟ ಜಾಸ್ತಿ. ಊಟ ಅಲ್ಲಿಗೆ ಬರೋ ಹೊತ್ಗೆ ಒಳ್ಳೆದೆಲ್ಲ ಮುಗ್ದಿರ್ತದೆ. ಕಕ್ಕಸಿನ ಪಕ್ಕ ಅಂತೂ ಸುತಾರಾಂ ಬೇಡ, ಜನ ಬಂದು ಮೈಮೇಲೇ ನಿಂತಿರ್ತಾರೆ. ಮುಂದ್ಗಡೆ, ಕಿಟಕಿ. ಕೂತ್ರೆ ಅಲ್ಲೇ ಕೂರ್ಬೇಕು."

"ನಾನೂ ಅದನ್ನೇ ಅಂದ್ಕೊಂಡಿದ್ದೆ" ಎಂದರು ಪರಮೇಶಪ್ಪ, ಕಾಫಿಯ ಲೋಟ ಕೆಳಗಿಟ್ಟು.

ಮನೆಗೆ ಬಂದರೆ ವಿನುತಾ ಆಗಲೇ ಸೀಟು ಆರಿಸಿ ಮುಗಿಸಿದ್ದಳು. ರಾತ್ರಿ ಊಟಕ್ಕೆ ಕೂತಾಗ ಮೊಮ್ಮಗಳು ರಶ್ಮಿತಾ ಫೋನನ್ನು ತಾತನ ತಟ್ಟೆಯ ಪಕ್ಕ ತಂದು ಹಿಡಿದಳು. ಚೌಕ ಚೌಕ ಗೆರೆಗಳ ಒಂದು ಚಿತ್ರ, ಗದ್ದೆಯ ನಕ್ಷೆ ಇದ್ದ ಹಾಗೆ.

"ಇಲ್ನೋಡಿ ತಾತ. ಮೂರು, ಮೂರು, ಮೂರು ಸೀಟು. ನಿಮ್ದು ನಡುವಿನ ಸಾಲು. ಓಡಾಡೋ ದಾರಿ ಪಕ್ಕ ಅಜ್ಜಿ, ಅಜ್ಜಿ ಪಕ್ಕ ನೀವು. ಟಾಯ್ಲೆಟ್ ಇಲ್ಲೇ, ಹಿಂದೆ."

"ಕಿಟಕಿ ಎಲ್ಲಿ?"

"ಕಿಟಕಿ ಇಲ್ಲ ತಾತ."

"ಕಿಟಕಿ ಇಲ್ದೆ ಕೂರೋಕೆ ಅದೇನು ದನ ಸಾಗ್ಸೋ ಲಾರೀನಾ?" ರೊಟ್ಟಿ ಮುರಿಯುತ್ತಿದ್ದ ಕೈ ನಿಂತಿತು. "ಯಾರು ಮಾಡಿದ್ದಿದು?"

ವಿನುತಾ ಒಲೆಯಿಂದ ಇಳಿಸಿದ ಬಿಸಿ ರೊಟ್ಟಿ ತಂದು ಹಾಕುತ್ತ ಹೇಳಿದಳು. "ನಾನೇ ಮಾವ. ಹನ್ನೆರಡು ಗಂಟೆ ಪ್ರಯಾಣ. ಹೊತ್ತು ಮುಳುಗಿದ ಮೇಲೆ ಹೊರಡೋದು, ಕಿಟಕೀಲಿ ಏನೂ ಕಾಣ್ಸಲ್ಲ. ಅತ್ತೆಗೆ ಎದ್ದು ಓಡಾಡೋಕೆ ಅನುಕೂಲ ಆಗ್ಲಿ ಅಂತ..."

"ಅವಳೇನು ಅಲ್ಲಿ ಸಂತೆ ಸುತ್ತೋಕೆ ಹೋಗ್ತಿದಾಳಾ?"

"ಕಾಲು ಹಿಡ್ಕೊಳುತ್ತೆ ಮಾವ. ಆಗಾಗ ಎದ್ದು ನಡೀಬೇಕು, ನೀರು ಕುಡೀಬೇಕು ಅಂತ ಶರ್ಮಿಳಾನೂ ಹೇಳಿದಾಳೆ."

"ಕಾಲು ಹಿಡ್ಕೊಳೋದು ನಂಗೆ, ಮಂಡಿ ನೋವಿರೋದು ನಂಗೆ. ಇವಳಿಗೇನಾಗಿದೆ? ಗುಂಡುಕಲ್ಲು ಇದ್ದಂಗವಳೆ. ಕಕ್ಕಸಿನ ವಾಸನೆ ಕುಡ್ಕೊಂಡು ಹೋಗೋಕೆ ನಾವು ಅಷ್ಟು ದೂರ ಹೋಗ್ಬೇಕಾ?"

ವಿನುತಾ ಅತ್ತೆಯ ಮುಖ ನೋಡಿದಳು. ವಿಶಾಲಾಕ್ಷಮ್ಮ ಹಲಸಿನಕಾಯಿ ಪಲ್ಯದ ಬಟ್ಟಲಿನಿಂದ ಕಣ್ಣೆತ್ತದೆ ತಲೆಯನ್ನು ಒಂದಿಷ್ಟು ಅಡ್ಡಡ್ಡ ಆಡಿಸಿದರು. ಪರಮೇಶಪ್ಪನವರು ಅದನ್ನು ನೋಡಿದರು. ಸೊಸೆಯ ಹಟ ಅತ್ತೆಗೂ ಒಗ್ಗಲಿಲ್ಲ ಎಂದುಕೊಂಡರು.

"ಆದ್ರೂ ಮಾವ, ಒಂದ್ಸಲ ಯೋಚ್ನೆ ಮಾಡಿ. ಕಿಟಕಿ ಬೇಕಂದ್ರೆ ನೀವು ಕಿಟಕೀಲಿ ಕೂತ್ಕೊಳಿ. ಅತ್ತೆಗೆ ಮಾತ್ರ ಬೇರೆ ಕಡೆ, ದಾರಿ ಪಕ್ಕದ್ದೇ ಇರ್ಲಿ."

"ಗಂಡ ಒಂದ್ಕಡೆ ಹೆಂಡ್ತಿ ಒಂದ್ಕಡೆ! ಅಷ್ಟೆಲ್ಲ ತಿಳ್ದೋಳ ಥರ ಮಾತಾಡ್ತೀಯಲ್ಲ, ನಿಮ್ಮಪ್ಪನ ಮನೇಲಿ ಯಾರು ವಿಮಾನ ಹತ್ತಿದ್ರು? ಶಿರಂಗಾಲದಿಂದ ಕುಶಾಲನಗರಕ್ಕೆ ಟ್ರ್ಯಾಕ್ಟರಲ್ಲಿ ಬರ್ತಿದ್ರಪ್ಪ ಅವರು."

ರಶ್ಮಿತಾ ಫೋನನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು. ನಿರಂಜನ್ "ಅಪ್ಪ, ಊಟ ಮಾಡಿ ಈಗ" ಎಂದ. ವಿನುತಾಳ ಮುಖ ಕೆಂಪಾಯಿತು. ವಿಶಾಲಾಕ್ಷಮ್ಮನೇ ಮಾತು ಮುಗಿಸಿದರು.

"ಬಿಡೇ ವಿನುತಾ. ಅವರು ಹೇಳ್ದಂಗೇ ಮಾಡು. ನಂಗೆ ಎಲ್ಲಾದ್ರೇನು."

ವಿನುತಾ ಕೈ ತೊಳೆದು ಬಂದು, ಮಗಳ ಕೈಯಿಂದ ಫೋನು ತೆಗೆದುಕೊಂಡು, ಅಲ್ಲೇ ನಿಂತು ಸೀಟು ಬದಲಾಯಿಸಿದಳು. ಮುಂದಿನ ಭಾಗ, ರೆಕ್ಕೆಗಿಂತ ಮುಂದೆ. ಕಿಟಕಿ ಮಾವನಿಗೆ, ನಡುವಿನದು ಅತ್ತೆಗೆ. ದಾರಿ ಪಕ್ಕದ್ದನ್ನು ಯಾರೋ ಆಗಲೇ ಹಿಡಿದಿದ್ದರು. "ಆಯ್ತು ಮಾವ. ನಿಮ್ಮಿಷ್ಟದಂಗೇ ಆಯ್ತು" ಎಂದು ಹೇಳಿ ಒಳಗೆ ಹೋದಳು. ಅವತ್ತು ಅವಳು ಊಟ ಮಾಡಿದಳೋ ಇಲ್ಲವೋ ಯಾರೂ ನೋಡಲಿಲ್ಲ.

ಮುಂದಿನ ವಾರಗಳು ಕುಟ್ಟುವುದು, ಹುರಿಯುವುದು, ಕಟ್ಟುವುದರಲ್ಲಿ ಕಳೆದವು. ಬಾಣಂತಿಗೆ ಕಾಳುಮೆಣಸಿನ ಪುಡಿ, ಶುಂಠಿ, ಬೆಳ್ಳುಳ್ಳಿ ಲೇಹ್ಯ. ಶರ್ಮಿಳಾ ಫೋನಿನಲ್ಲಿ "ಬೀಜ ತರ್ಬೇಡಮ್ಮ, ಜೇನುತುಪ್ಪ ತರ್ಬೇಡ, ಇಲ್ಲಿ ಏರ್‌ಪೋರ್ಟಲ್ಲೇ ಕಿತ್ತು ಬಿಸಾಕ್ತಾರೆ" ಎಂದಷ್ಟೂ ವಿಶಾಲಾಕ್ಷಮ್ಮ ಇನ್ನೊಂದು ಪೊಟ್ಟಣ ಕಟ್ಟುವರು. ಒಂದು ದಿನ ಮಧ್ಯಾಹ್ನ ವಿನುತಾ ಅತ್ತೆಯ ಕೈಚೀಲದಲ್ಲಿ ಏನೋ ಒಂದು ದಪ್ಪ ಪ್ಯಾಕೆಟ್ಟು ಇಡುತ್ತಿದ್ದಳು. "ಅದೇನದು?" ಎಂದು ಪರಮೇಶಪ್ಪನವರು ಕೇಳಿದ್ದಕ್ಕೆ ಅವಳು ಉತ್ತರ ಕೊಡುವ ಮೊದಲೇ ವಿಶಾಲಾಕ್ಷಮ್ಮ ಅದನ್ನು ಕಿತ್ತು ಬೀರುವಿನ ಹಿಂದೆ ಸರಿಸಿದರು. "ಏನಿಲ್ರೀ, ಹತ್ತಿ."

ಇನ್ನೊಂದು ಸಂಜೆ ಅಡುಗೆಮನೆಯಲ್ಲಿ ಮಗ ಸೊಸೆ ತಗ್ಗಿದ ದನಿಯಲ್ಲಿ ಜಗಳವಾಡುವುದು ಕೇಳಿಸಿತು. "ನೀವಾದ್ರೂ ಹೇಳಿ" ಎಂದಳು ವಿನುತಾ. "ನಾನೆಂಗೆ ಹೇಳ್ಲಿ? ನಂಗೆ ನಾಚ್ಕೆ ಆಗಲ್ವಾ?" ಎಂದ ನಿರಂಜನ್. ಸೀಟು ಬದಲಾಯಿಸಿದ್ದಕ್ಕೆ ಹೋದ ದುಡ್ಡಿನ ವಿಷಯ ಇರಬೇಕು ಎಂದುಕೊಂಡು ಪರಮೇಶಪ್ಪನವರು ಕೆಮ್ಮಿ, ಅಂಗಳಕ್ಕೆ ಹೋದರು.

ವಿಮಾನ ಹತ್ತಿದಾಗ ಅವರಿಗೆ ಹಿಡಿಸಲಾರದ ಸಂತೋಷ. ಕಿಟಕಿಗೆ ಹಣೆ ಒತ್ತಿ ಕೂತರು. ಬೆಂಗಳೂರಿನ ದೀಪಗಳು ಚೆಲ್ಲಿದ ಸಾಸಿವೆಯಂತೆ ಕೆಳಗೆ ಉಳಿದವು. ಸ್ವಲ್ಪ ಹೊತ್ತಿನಲ್ಲಿ ಅದೂ ಹೋಗಿ, ಕಿಟಕಿಯಲ್ಲಿ ಅವರ ಮುಖ ಬಿಟ್ಟರೆ ಬೇರೇನೂ ಕಾಣಿಸಲಿಲ್ಲ. ದಾರಿ ಪಕ್ಕದ ಸೀಟಿನಲ್ಲಿ ಭಾರಿ ಆಳಿನ ಒಬ್ಬ ಬಿಳಿಯ ಹುಡುಗ. ಊಟ ಮುಗಿದದ್ದೇ ಕಿವಿಗೆ ಏನೋ ತುರುಕಿಕೊಂಡು, ಕಂಬಳಿಯನ್ನು ಗದ್ದದವರೆಗೆ ಎಳೆದುಕೊಂಡು, ಎದುರಿನ ಹಲಗೆಯನ್ನೂ ಮಡಚದೆ ನಿದ್ದೆ ಹೋದ.

ವಿಶಾಲಾಕ್ಷಮ್ಮ ಎರಡು ತುತ್ತು ಅನ್ನ ತಿಂದರು. ನೀರಿನ ಲೋಟವನ್ನು ಮುಟ್ಟಲಿಲ್ಲ.

"ಕುಡಿಯೇ, ಬಿಟ್ಟಿ ಕೊಡ್ತಾರೆ."

"ಬಾಯಾರ್ಕೆ ಇಲ್ಲ. ನೀವು ಕುಡೀರಿ."

ಅವರು ತಮ್ಮದನ್ನೂ ಕುಡಿದು ಆಕೆಯದನ್ನೂ ಕುಡಿದರು. ಒಂದು ನಿದ್ದೆ ಮುಗಿಸಿ ಕಣ್ಣು ಬಿಟ್ಟಾಗ ಆಕೆ ಬೆನ್ನು ನೆಟ್ಟಗೆ ಮಾಡಿ, ಎರಡು ಕೈಯನ್ನೂ ಮಡಿಲಲ್ಲಿ ಬಿಗಿಯಾಗಿ ಕಟ್ಟಿಕೊಂಡು, ಹಾಗೇ ಕೂತಿದ್ದರು.

"ನಿದ್ದೆ ಬರ್ಲಿಲ್ವಾ?"

"ಇನ್ನೆಷ್ಟೊತ್ತು ಆಗುತ್ರೀ?"

ಎದುರಿನ ಪರದೆಯ ಮೇಲೆ ಪುಟ್ಟ ವಿಮಾನವೊಂದು ಸಮುದ್ರದ ಮೇಲೆ ತೆವಳುತ್ತಿತ್ತು. "ಅರ್ಧ ದಾರಿ ಕಳೀತು ನೋಡು" ಎಂದು ಪರಮೇಶಪ್ಪನವರು ಹುರುಪಿನಿಂದ ತೋರಿಸಿದರು. ಆಕೆ ಪರದೆಯನ್ನು ನೋಡಲಿಲ್ಲ. ಮಲಗಿದ್ದ ಹುಡುಗನ ಚಾಚಿದ ಕಾಲುಗಳನ್ನು ನೋಡಿ ಕಣ್ಣು ಮುಚ್ಚಿಕೊಂಡರು. ಪರಮೇಶಪ್ಪನವರಿಗೆ ಒಂದು ಸಲ ಏಳಬೇಕೆನಿಸಿತು. ಆದರೆ ಇಬ್ಬರನ್ನು ಎಬ್ಬಿಸಿ ದಾಟಬೇಕಲ್ಲ ಎಂದು, ಅಷ್ಟೇನೂ ಅವಸರವಿರದ್ದರಿಂದ, ಮತ್ತೆ ನಿದ್ದೆ ಹೋದರು. ಬೆಳಿಗ್ಗೆ ಹುಡುಗ ಎದ್ದು ಮುಖ ತೊಳೆಯಲು ಹೋದಾಗ ವಿಶಾಲಾಕ್ಷಮ್ಮ ಏಳಲು ನೋಡಿದರು. ಅಷ್ಟರಲ್ಲಿ ದಾರಿಯುದ್ದಕ್ಕೂ ಜನ ಸಾಲು ನಿಂತಿದ್ದರು. ಹಾಗೇ ಕೂತರು.

ಇಳಿಯುವಾಗ ಆಕೆಯ ಪಾದ ಚಪ್ಪಲಿಯೊಳಗೆ ಹೋಗಲಿಲ್ಲ. ಸೀಟಿನ ಬೆನ್ನು ಹಿಡಿದು ಅರ್ಧ ಎದ್ದು ಮತ್ತೆ ಕುಸಿದರು.

"ಬೇಗ ಏಳೇ, ಜನ ಕಾಯ್ತವ್ರೆ" ಎಂದು ಪರಮೇಶಪ್ಪನವರು ಹಿಂದಿನಿಂದ ಗದರಿದರು.

ಮಗಳ ಮನೆ ಸೇರಿದ ದಿನವೇ ವಿಶಾಲಾಕ್ಷಮ್ಮ ಟೊಂಕ ಕಟ್ಟಿ ನಿಂತರು. ತುಂಬು ಬಸುರಿ ಶರ್ಮಿಳಾಗೆ ಬೇಕೆನಿಸಿದ್ದು ಕಡುಬು. ಸಂತೆಯ ಅಕ್ಕಿತರಿ ಅಲ್ಲಿಲ್ಲ, ಸಿಕ್ಕಿದ ಅಕ್ಕಿಯನ್ನೇ ಮಿಕ್ಸಿಯಲ್ಲಿ ಒಡೆದು, ಬೇಯಿಸಿ, ಉಂಡೆ ಕಟ್ಟಿ, ಹಬೆಯಲ್ಲಿಟ್ಟು ಬಡಿಸಿದರು. ಎಡಗಾಲು ಊದಿದ್ದನ್ನು ಸೀರೆಯ ನೆರಿಗೆ ಮುಚ್ಚಿತ್ತು. "ಯಾಕಮ್ಮ ಕುಂಟ್ತೀಯ?" ಎಂದರೆ "ಕೂತು ಕೂತು ಜೋಮು" ಎನ್ನುವರು. ಮೂರನೆಯ ದಿನ ಬೆಳಿಗ್ಗೆ ಹಾಲು ಕಾಯಿಸುತ್ತ ನಿಂತವರು "ಉಸ್ರು... ಉಸ್ರು" ಎಂದಷ್ಟೇ ಹೇಳಿ ಒಲೆಯ ಪಕ್ಕ ಕೂತುಬಿಟ್ಟರು. ಶರ್ಮಿಳಾ ಬಗ್ಗಲಾಗದ ಮೈಯನ್ನು ಬಗ್ಗಿಸಿ ತಾಯಿಯ ನೆರಿಗೆ ಸರಿಸಿ ಕಾಲು ನೋಡಿದವಳೇ ಕಿರುಚಿದಳು. "ಅನಿಲ್, ಆಂಬುಲೆನ್ಸ್!"

ಕಾಲಿನ ನಾಳದಲ್ಲಿ ಹೆಪ್ಪುಗಟ್ಟಿದ ರಕ್ತ ಶ್ವಾಸಕೋಶಕ್ಕೆ ಹೋಗಿ ಕೂತಿತ್ತು. ಎರಡು ದಿನ ಏನೂ ಹೇಳಲಾಗದು ಎಂದರು ವೈದ್ಯರು. ಪರಮೇಶಪ್ಪನವರು ಆಸ್ಪತ್ರೆಯ ಗಾಜಿನ ಬಾಗಿಲ ಹೊರಗೆ, ಭಾಷೆ ಬಾರದ ಊರಿನಲ್ಲಿ, ಬರುವವರಿಗೆ ಹೋಗುವವರಿಗೆ ಎದ್ದು ನಿಂತು ಕೈಮುಗಿದರು.

ಮೂಗಿನ ನಳಿಗೆ ತೆಗೆದ ದಿನ ವೈದ್ಯೆಯೊಬ್ಬಳು ಬಂದು ಕೂತು ಪ್ರಶ್ನೆ ಕೇಳಿದಳು. ಶರ್ಮಿಳಾ ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಅವನ್ನು ಕನ್ನಡಕ್ಕೆ ತಿರುಗಿಸಿದಳು.

"ಅಮ್ಮ, ವಿಮಾನದಲ್ಲಿ ಎಷ್ಟು ಸಲ ಎದ್ದು ಓಡಾಡ್ದೆ?"

"ಎದ್ದಿಲ್ಲ."

"ಒಂದ್ಸಲಾನೂ?"

"ಹೆಂಗೆ ಏಳೋದು, ಆ ಹುಡ್ಗ ಮಲ್ಗಿದ್ದ."

"ನೀರು?"

"ಕುಡೀಲಿಲ್ಲ."

"ಯಾಕಮ್ಮ? ನಾನು ಎಷ್ಟು ಸಲ ಹೇಳಿದ್ದೆ!"

ವಿಶಾಲಾಕ್ಷಮ್ಮ ಗೋಡೆಯ ಕಡೆ ಮುಖ ತಿರುಗಿಸಿದರು. ಅಳಿಯ ಅನಿಲ್‌ಕುಮಾರ್ ಅರ್ಥ ಮಾಡಿಕೊಂಡವನಂತೆ ಎದ್ದು ಹೊರಗೆ ಹೋದ. ಪರಮೇಶಪ್ಪನವರು ಏಳಲಿಲ್ಲ. ಏಳಬೇಕೆಂದು ಅವರಿಗೆ ಹೊಳೆಯಲಿಲ್ಲ. ಗೋಡೆಗೆ ಹೇಳಿದಂತೆ ವಿಶಾಲಾಕ್ಷಮ್ಮ ಹೇಳಿದರು. "ಕುಡಿದ್ರೆ ತಡ್ಕೊಳೋಕಾಗಲ್ಲ. ನಿನ್ನ ಹೆತ್ತ ಮೇಲೆ ಗರ್ಭಕೋಶ ಜಾರಿದೆ ಕಣೇ. ಆವತ್ತಿಂದ ಹಂಗೇ."

ಶರ್ಮಿಳಾ ತಾಯಿಯ ಕೈ ಹಿಡಿದುಕೊಂಡಳು. ಆಮೇಲೆ ಇಂಗ್ಲಿಷಿನಲ್ಲಿ ವೈದ್ಯೆಗೆ ಹೇಳಿದಳು. ವೈದ್ಯೆ ನಿಧಾನವಾಗಿ ಏನೋ ಹೇಳಿ, ಪರಮೇಶಪ್ಪನವರನ್ನೊಮ್ಮೆ ನೋಡಿ ಎದ್ದು ಹೋದಳು.

"ಏನಂದ್ರಮ್ಮ?" ಎಂದು ಅವರು ಕೇಳಿದರು.

"ಸಣ್ಣ ಆಪರೇಷನ್ ಅಂತೆ ಅಪ್ಪ. ಆವಾಗ್ಲೇ ಯಾರಾದ್ರೂ ಒಂದ್ಸಲ ಆಸ್ಪತ್ರೆಗೆ ಕರ್ಕೊಂಡು ಹೋಗಿದ್ರೆ ಸರಿಹೋಗ್ತಿತ್ತಂತೆ."

"ನಂಗೆ ಹೇಳ್ಬೇಕಿತ್ತಲ್ಲ ಇವಳು" ಎಂದರು ಪರಮೇಶಪ್ಪ. ಶರ್ಮಿಳಾ ತಾಯಿಯ ಹೊದಿಕೆ ಸರಿಪಡಿಸಿದಳು.

ತಾಯಿ ಆಸ್ಪತ್ರೆಯಲ್ಲಿರುವಾಗಲೇ ಅದೇ ಆಸ್ಪತ್ರೆಯ ಇನ್ನೊಂದು ಮಹಡಿಯಲ್ಲಿ ಶರ್ಮಿಳಾಗೆ ಹೆರಿಗೆಯಾಯಿತು. ಹೆಣ್ಣು ಮಗು. ವಿಶಾಲಾಕ್ಷಮ್ಮನನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ಮಗುವನ್ನು ತೋರಿಸಲು ಕರೆದೊಯ್ದರು. ಕೈಗೆ ಸೂಜಿ ಚುಚ್ಚಿದ್ದರಿಂದ ಎತ್ತಿಕೊಳ್ಳಲಾಗಲಿಲ್ಲ. ಒಂದು ಬೆರಳಿನಿಂದ ಮಗುವಿನ ಹಣೆ ಮುಟ್ಟಿ, "ಎಣ್ಣೆ ನೀರು ಹಾಕೋರಿಲ್ದಂಗಾಯ್ತಲ್ಲ ಕಂದ" ಎಂದರು.

ಮನೆಗೆ ಬಂದ ಮೇಲೆ ಬಾಣಂತಿಯೂ ಮಂಚದ ಮೇಲೆ, ಬಾಣಂತನಕ್ಕೆ ಬಂದವರೂ ಮಂಚದ ಮೇಲೆ. ರಕ್ತ ತೆಳುವಾಗಿಸುವ ಮಾತ್ರೆ, ಕಾಲಿಗೆ ಬಿಗಿ ಕಾಲುಚೀಲ. ಅನಿಲ್‌ಕುಮಾರ್ ಕೆಲಸಕ್ಕೆ ಹೋದಮೇಲೆ ಅಡುಗೆಮನೆಯಲ್ಲಿ ಉಳಿದವರು ಪರಮೇಶಪ್ಪ ಒಬ್ಬರೇ. ಅವರು ಹುಟ್ಟಿದಾಗಿನಿಂದ ಒಲೆ ಹಚ್ಚಿದವರಲ್ಲ. ಫೋನನ್ನು ಸಕ್ಕರೆ ಡಬ್ಬಕ್ಕೆ ಒರಗಿಸಿಟ್ಟು, ಅದರೊಳಗಿನ ಸೊಸೆಯನ್ನು ಕೇಳಿ ಕೇಳಿ ಬೇಯಿಸಿದರು.

"ಮೊದ್ಲು ತುಪ್ಪ ಮಾವ, ಆಮೇಲೆ ಬೆಳ್ಳುಳ್ಳಿ. ಉರಿ ಸಣ್ಣ ಮಾಡಿ. ಅಯ್ಯೋ, ಸೀದೋಯ್ತು ನೋಡಿ, ಮತ್ತೆ ಹಾಕಿ."

"ಹಾಕ್ದೆ ಕಣಮ್ಮ. ಈಗ?"

"ಈಗ ಮೆಣಸಿನ ಪುಡಿ. ಅತ್ತೆ ನೀರು ಕುಡಿದ್ರಾ?"

ಆ ಪ್ರಶ್ನೆಯನ್ನು ವಿನುತಾ ದಿನವೂ ಕೇಳುತ್ತಿದ್ದಳು. ಅವರು ದಿನವೂ ಲೋಟ ಹಿಡಿದು ಹೆಂಡತಿಯ ಮಂಚದ ಬಳಿ ನಿಲ್ಲುತ್ತಿದ್ದರು. ಆಕೆ ಕುಡಿಯುತ್ತಿದ್ದರು, ಯಾರಿಗೋ ಒಪ್ಪಿಸುವಂತೆ, ಗುಟುಕು ಗುಟುಕಾಗಿ.

ಒಂದು ಮಧ್ಯಾಹ್ನ ಮಗಳು, ಮೊಮ್ಮಗು ನಿದ್ದೆ ಹೋಗಿದ್ದರು. ಪರಮೇಶಪ್ಪನವರು ಮಂಚದ ಪಕ್ಕ ಕೂತು ಮಗುವಿನ ಬಟ್ಟೆ ಮಡಚುತ್ತ, ಬಹಳ ದಿನದಿಂದ ಎದೆಯಲ್ಲಿದ್ದುದನ್ನು ಕೇಳಿದರು.

"ಇಷ್ಟು ವರ್ಷ ಒಂದ್ಮಾತು ನಂಗೆ ಹೇಳ್ಬಾರ್ದಿತ್ತೇನೇ?"

"ಹೇಳಿದ್ದೆ" ಎಂದರು ವಿಶಾಲಾಕ್ಷಮ್ಮ.

"ಯಾವಾಗ?"

"ಶರ್ಮಿಳಾನ ಮುಡಿ ಕೊಡೋಕೆ ನಂಜನಗೂಡಿಗೆ ಹೋಗ್ತಿದ್ವಲ್ಲ. ಬಿಳಿಕೆರೆ ಹತ್ರ. ತಡ್ಕೊಳೋಕಾಗ್ತಿಲ್ಲ, ಬಸ್ಸು ನಿಲ್ಸಿ ಅಂತ ಕೇಳ್ರೀ ಅಂದೆ. 'ಮನೇಲೇ ಮುಗಿಸ್ಕೊಂಡು ಬರೋಕೇನು ದಾಡಿ' ಅಂತ ಗಟ್ಟಿಯಾಗಿ ಅಂದ್ರಿ. ಹಿಂದಿನ ಸೀಟಿನೋರು ನಕ್ರು. ಸೀಟು ಒದ್ದೆ ಆಯ್ತು. ಮಗೂದು ಅಂತ ನೀವೇ ಕಂಡಕ್ಟರಿಗೆ ಹೇಳಿದ್ರಿ. ನಾನು ಮಗೂನ ಹಿಂದ್ಗಡೆ ಅಡ್ಡ ಹಿಡ್ಕೊಂಡು ಇಳ್ದೆ."

ಪರಮೇಶಪ್ಪನವರ ಕೈಯಲ್ಲಿದ್ದ ಪುಟ್ಟ ಅಂಗಿ ಅಲ್ಲೇ ನಿಂತಿತು. ನಂಜನಗೂಡು ನೆನಪಿತ್ತು. ಅವತ್ತು ಕಪಿಲೆ ತುಂಬಿ ಹರಿಯುತ್ತಿದ್ದುದು, ಮಗು ತಲೆ ಬೋಳಿಸುವಾಗ ಅತ್ತದ್ದು, ತಾವು ಹಿಡಿದ ಒಳ್ಳೆಯ ಸೀಟು ಕೂಡ ನೆನಪಿತ್ತು. ಈ ಮಾತು ಮಾತ್ರ ನೆನಪಿರಲಿಲ್ಲ. ಎಷ್ಟು ಕೆದಕಿದರೂ ಸಿಗಲಿಲ್ಲ.

"ನಂಗೆ ನೆನಪೇ ಇಲ್ವಲ್ಲೇ" ಎಂದರು.

"ನಿಮಗೆ ಯಾಕೆ ನೆನಪಿರುತ್ತೆ" ಎಂದರು ವಿಶಾಲಾಕ್ಷಮ್ಮ. ದನಿಯಲ್ಲಿ ಸಿಟ್ಟಿರಲಿಲ್ಲ. "ಅವತ್ತಿಂದ ನಾನು ಎಲ್ಲಿಗೆ ಹೊರಟ್ರೂ ಹಿಂದಿನ ಸಂಜೆಯಿಂದಾನೇ ನೀರು ಬಿಟ್ಬಿಡ್ತೀನಿ. ನಮ್ಮಮ್ಮ ತೀರ್ಕೊಂಡಾಗ ಹೋದಾಗ್ಲೂ ಹಂಗೇ ಹೋಗಿದ್ದು."

ಜುಲೈಯಲ್ಲಿ ವೈದ್ಯೆ ಒಪ್ಪಿಗೆ ಕೊಟ್ಟ ಮೇಲೆ ಹಿಂದಿರುಗಿದರು. ಈ ಸಲ ಸೀಟನ್ನು ಶರ್ಮಿಳಾಳೇ ಆರಿಸಿದಳು, ಯಾರನ್ನೂ ಕೇಳಲಿಲ್ಲ. ದಾರಿಯುದ್ದಕ್ಕೂ ಪರಮೇಶಪ್ಪನವರು ಹೆಂಡತಿಯನ್ನು ಎಬ್ಬಿಸಿ, ತೋಳು ಹಿಡಿದು ನಡೆಸಿದರು. ನೋಡಿದವರು ಎಷ್ಟು ಅನ್ಯೋನ್ಯ ಎಂದುಕೊಂಡಿರಬೇಕು. ಆಕೆ ಮಾತ್ರ ಒಂದೊಂದು ಹೆಜ್ಜೆಗೂ ಕಾಲನ್ನು ನೋಡುತ್ತಿದ್ದರು. ಹೊರಡುವಾಗ ಶರ್ಮಿಳಾ ಕೊರಳಿಗೆ ಜೋತುಬಿದ್ದು, "ಮುಂದಿನ ವರ್ಷ ಮಗು ನಡ್ಯೋ ಹೊತ್ಗೆ ಮತ್ತೆ ಬಾಮ್ಮ" ಎಂದಿದ್ದಳು. "ನೀನೇ ಕರ್ಕೊಂಡು ಬಾರವ್ವ. ನಾನಿನ್ನು ಎಲ್ಲಿಗೂ ಬರಲ್ಲ" ಎಂದಿದ್ದರು ವಿಶಾಲಾಕ್ಷಮ್ಮ. ನೋವಿನಲ್ಲಿ ಆಡಿದ ಮಾತು, ಮರೆತುಹೋಗುತ್ತದೆ ಎಂದು ಎಲ್ಲರೂ ಅಂದುಕೊಂಡರು.

ಮನೆಗೆ ಬಂದು ಕೆಲವು ದಿನಗಳಾದ ಮೇಲೆ, ವಿನುತಾ ಹಿತ್ತಲಲ್ಲಿ ಬಿದಿರ ಕಳಲೆ ಹೆಚ್ಚುತ್ತಿದ್ದಾಗ ಪರಮೇಶಪ್ಪನವರು ಹೋಗಿ ಪಕ್ಕದ ಕಟ್ಟೆಯ ಮೇಲೆ ಕೂತರು.

"ನಿಂಗೆ ಗೊತ್ತಿತ್ತಾ ವಿನುತಾ?"

ಅವಳು ಚಾಕು ನಿಲ್ಲಿಸಲಿಲ್ಲ. "ಗೊತ್ತಿತ್ತು ಮಾವ. ರಶ್ಮಿತಾ ಹುಟ್ದಾಗ ನಂಗೆ ಬಾಣಂತನ ಮಾಡೋವಾಗ ಹೇಳಿದ್ರು. ಯಾರಿಗೂ ಹೇಳ್ಬೇಡ ಅಂತ ಮಗು ತಲೆ ಮುಟ್ಸಿ ಆಣೆ ಹಾಕ್ಸಿದ್ರು. ಇವರಿಗೆ ಮಾತ್ರ ತಡೀಲಾರ್ದೆ ಹೇಳ್ದೆ. ಇವರು ಅಪ್ಪನ ಹತ್ರ ಬಾಯಿ ಬರಲ್ಲ ಅಂದ್ರು."

"ಆಣೆ ದೊಡ್ದಾಗೋಯ್ತಾ?"

ಚಾಕು ನಿಂತಿತು. "ಆಣೆ ಅಷ್ಟೇ ಅಲ್ಲ ಮಾವ. ಅವತ್ತು ನೀವು ನಮ್ಮಪ್ಪನ ಮನೆ ಎತ್ತಿದ್ರಲ್ಲ, ನಂಗೂ ಸಿಟ್ಟು ಬಂತು. ಆಗ್ಲಿ, ಕಿಟಕೀಲೇ ಕೂತ್ಕೊಳ್ಳಿ ಅಂದ್ಕೊಂಡು ಬಟನ್ ಒತ್ಬಿಟ್ಟೆ. ಆ ಹೊತ್ತು ಅತ್ತೆ ನೆನಪೇ ಬರ್ಲಿಲ್ಲ ನಂಗೆ. ಅತ್ತೆಗೆ ಹಂಗಾಯ್ತು ಅಂತ ಫೋನು ಬಂದಾಗ..." ಕಳಲೆಯ ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು.

ಶ್ರಾವಣದಲ್ಲಿ ರೇವಣ್ಣನ ಮಗನ ಮದುವೆ, ಹಾಸನದಲ್ಲಿ. ರೇವಣ್ಣ ದಂಪತಿ ಮನೆಗೆ ಬಂದು ಅರಿಸಿನ ಕುಂಕುಮ ಕೊಟ್ಟು ಕರೆದು ಹೋದರು. ಮದುವೆಯ ಹಿಂದಿನ ದಿನವೇ ಪರಮೇಶಪ್ಪನವರು ಹೆಂಡತಿಯ ಬಳಿ ಹೋಗಿ ನಿಂತರು.

"ಕಾರಲ್ಲಿ ಹೋಗೋಣ. ಮುಂದಿನ ಸೀಟಲ್ಲಿ ನೀನೇ ಕೂತ್ಕೋ. ಎಲ್ಲಿ ಬೇಕಾದ್ರೂ ನಿಲ್ಸೋಣ, ಎಷ್ಟು ಸಲ ಬೇಕಾದ್ರೂ. ದಾರೀಲಿ ಒಳ್ಳೆ ಹೋಟ್ಲು, ಪೆಟ್ರೋಲ್ ಬಂಕು ಎಲ್ಲ ವಿಚಾರ್ಸಿದೀನಿ. ಹಂಗೇ ಮೈಸೂರಿಗೂ ಒಂದಿನ ಹೋಗಿ ಡಾಕ್ಟರ್ನ ನೋಡೋಣ. ಆಪರೇಷನ್ ಈಗ್ಲೂ ಮಾಡ್ತಾರಂತೆ."

ವಿಶಾಲಾಕ್ಷಮ್ಮ ಅಕ್ಕಿ ಆರಿಸುತ್ತಿದ್ದರು. ಒಂದು ಕಲ್ಲು ಹೆಕ್ಕಿ ಪಕ್ಕಕ್ಕಿಟ್ಟರು.

"ನೀವು ಹೋಗ್ಬನ್ನಿ."

"ನಾನು ಹೇಳ್ತಿದೀನಲ್ಲೇ..."

"ಬೇಕಾಗಿದ್ದು ಆವಾಗ್ರೀ. ಹೋಗ್ಬೇಕು ಅಂತ ಆಸೆ ಇದ್ದಾಗ. ಈಗ ಮನೇಲಿ ಕೂತ್ರೆ ಸುಖವಾಗಿದೆ. ಹೊತ್ಹೊತ್ತಿಗೆ ನೀರು ಕುಡೀತೀನಿ." ಆಕೆ ಮೊರದ ಅಕ್ಕಿಯನ್ನು ಮೆಲ್ಲಗೆ ಕೇರಿದರು. "ನಿಮ್ಮ ಬಿಳಿ ಪಂಚೆ ಇಸ್ತ್ರಿ ಮಾಡ್ಸಿಟ್ಟಿದೀನಿ."

ಅತ್ತೆಯ ಜೊತೆಗೆ ವಿನುತಾ ಮನೆಯಲ್ಲೇ ಉಳಿದಳು. ತಂದೆ ಮಗ ಇಬ್ಬರೇ ಹೊರಟರು. ಶನಿವಾರಸಂತೆಯಲ್ಲಿ ಕಾಫಿ ಕುಡಿದರು. ಮೋಡ ಕವಿದಿತ್ತು, ಮಳೆಯಿರಲಿಲ್ಲ. ಕೊಡ್ಲಿಪೇಟೆ ದಾಟಿದ ಮೇಲೆ ಪರಮೇಶಪ್ಪನವರು, "ಸ್ವಲ್ಪ ನಿಲ್ಸೋ" ಎಂದರು. ನಿರಂಜನ್ ಕಾರನ್ನು ರಸ್ತೆಯ ಬದಿಗೆ ಇಳಿಸಿದ. ಅವರು ಇಳಿದು, ಒಂದು ಸಿಲ್ವರ್ ಮರದ ಹಿಂದೆ ಹೋಗಿ, ಪಂಚೆ ಸರಿಸಿ ನಿಂತರು. ಕಟ್ಟಿಗೆ ಹೊತ್ತ ಇಬ್ಬರು ಹೆಂಗಸರು ಮುಖ ಆಚೆ ಮಾಡಿಕೊಂಡು ದಾಟಿದರು. ಬಸ್ಸೊಂದು ತುಂಬಿದ ಜನರನ್ನು ಹೊತ್ತು ಪಕ್ಕದಲ್ಲೇ ಹೋಯಿತು. ಯಾರೂ ನಗಲಿಲ್ಲ. ಯಾರಿಗೂ ಏನೂ ಅನಿಸಿದಂತೆ ಕಾಣಲಿಲ್ಲ. ಮುಗಿಯಿತು. ಎಷ್ಟು ಸುಲಭಕ್ಕೆ ಮುಗಿಯಿತು ಎಂದರೆ, ಅವರು ಪಂಚೆ ಸರಿಪಡಿಸಿಕೊಂಡು ಅಲ್ಲೇ ನಿಂತುಬಿಟ್ಟರು.

"ಅಪ್ಪ, ಹೊರಡೋಣ್ವಾ? ಮುಹೂರ್ತಕ್ಕೆ ಹೊತ್ತಾಗುತ್ತೆ."

ಅವರು ಬಂದು ಕಾರಿನಲ್ಲಿ ಕೂತು ಬಾಗಿಲು ಹಾಕಿಕೊಂಡರು.

"ನಿರಂಜ, ನೀನು ಕಾರು ತಗೊಂಡು ಎಷ್ಟು ವರ್ಷ ಆಯ್ತೋ?"

"ಹತ್ತು ಹನ್ನೊಂದು ಆಯ್ತೇನೋ. ಯಾಕಪ್ಪ?"

"ಅಷ್ಟು ವರ್ಷದಲ್ಲಿ ನಿಮ್ಮಮ್ಮ ಯಾವತ್ತಾದ್ರೂ 'ಸ್ವಲ್ಪ ನಿಲ್ಸಪ್ಪ' ಅಂತ ಕೇಳಿದ್ಲಾ?"

ನಿರಂಜನ್ ಕೀಲಿ ತಿರುಗಿಸಲು ಹೋದವನು ಯೋಚಿಸಿದ. ಮೈಸೂರು, ಮಡಿಕೇರಿ, ಸಿದ್ಧಗಂಗೆ, ವಿನುತಾಳ ತಮ್ಮನ ಮದುವೆ, ಎಲ್ಲ ಪ್ರಯಾಣಗಳನ್ನೂ ಒಂದೊಂದಾಗಿ ನೆನೆದಿರಬೇಕು.

"ಇಲ್ಲಪ್ಪ" ಎಂದ ಕೊನೆಗೆ. ಆಮೇಲೆ ಇನ್ನೂ ತಗ್ಗಿದ ದನಿಯಲ್ಲಿ, "ಒಂದ್ಸಲಾನೂ ಇಲ್ಲ" ಎಂದ.

ಕೀಲಿಯ ಮೇಲಿಟ್ಟ ಕೈ ಹಾಗೇ ಇತ್ತು. ತಂದೆಯೂ ಹೊರಡು ಎನ್ನಲಿಲ್ಲ.